ಹಾಯಿಹಡಗಿನ ಕೂವೆಕಂಬವನ್ನು ನಿಲ್ಲಿಸುವ ಹಗ್ಗಗಳು

[ದೃಶ್ಯ: ಶ್ರೀರಂಗಪಟ್ಟಣದ ಕೋಟೆ, ಕಾವೇರಿ ನದಿ]

ನಮಸ್ಕಾರ. ಕಡಲಿನಿಂದ ಬಹುದೂರವಿರುವ ಈ ಶ್ರೀರಂಗಪಟ್ಟಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಟಿಪ್ಪು ಸುಲ್ತಾನ್ 1796ರಲ್ಲಿ ನೌಕಾಪಡೆಯೊಂದನ್ನು ಕಟ್ಟಲು ವಿಸ್ತಾರವಾದ ಆದೇಶ ಹೊರಡಿಸಿದ್ದನು. ಆ ಕಾಲದ ದೊಡ್ಡ ಯುದ್ಧನೌಕೆಗಳನ್ನು ನಡೆಸುತ್ತಿದ್ದುದು ಗಾಳಿ. ಹಾಯಿಗೆ ತಾಗಿದ ಗಾಳಿಯ ಬಲ ಹಡಗಿನ ಒಡಲಿಗೆ ತಲುಪುವ ದಾರಿಯೇ ಇಂದಿನ ನಮ್ಮ ವಿಷಯ.

[ದೃಶ್ಯ: ಕಂಬದ ರೇಖಾಚಿತ್ರ]

ಹಾಯಿಗಳನ್ನು ಹೊರುವ ಕೂವೆಕಂಬದ ಬುಡವು ಹಡಗಿನ ಅಟ್ಟವನ್ನು (ಡೆಕ್) ತೂರಿಕೊಂಡು ಹಡಗಿನ ತಳದ ತೊಲೆಯ ಮೇಲೆ ಕೂರುತ್ತದೆ. ದೊಡ್ಡ ಹಡಗುಗಳಲ್ಲಿ ಇದು ಒಂದೇ ಮರವಲ್ಲ. ಕೆಳಗಂಬ, ಅದರ ಮೇಲೆ ಟಾಪ್‌ಮಾಸ್ಟ್, ಅದಕ್ಕೂ ಮೇಲೆ ಟಾಪ್‌ಗ್ಯಾಲಂಟ್ ಎಂದು ತುಂಡುಗಳನ್ನು ಜೋಡಿಸುತ್ತಿದ್ದರು. ಬಿರುಗಾಳಿ ಬಂದಾಗ ಮೇಲಿನ ತುಂಡುಗಳನ್ನು ಕೆಳಗಿಳಿಸಬಹುದಾಗಿದ್ದುದು ಈ ಜೋಡಣೆಯ ದೊಡ್ಡ ಅನುಕೂಲ.

ಆದರೆ ಇಷ್ಟು ಎತ್ತರದ ಕಂಬ ಬುಡದ ಬಲವೊಂದರಿಂದಲೇ ನಿಲ್ಲಲಾರದು. ಮಂಡ್ಯದ ಕಬ್ಬಿನ ಗದ್ದೆಯ ಅಂಚಿನಲ್ಲಿ ವಿದ್ಯುತ್ ತಂತಿ ತಿರುವು ಪಡೆಯುವ ಕಡೆ, ಕಂಬ ವಾಲದಂತೆ ಎಳೆತದ ಎದುರು ದಿಕ್ಕಿನಿಂದ ನೆಲಕ್ಕೆ ಬಿಗಿದ ಸ್ಟೇ ತಂತಿಯನ್ನು ನೀವು ನೋಡಿರುತ್ತೀರಿ. ಹಡಗಿನಲ್ಲೂ ಇದೇ ತತ್ತ್ವ: ಮುಂದಕ್ಕೆ ಸ್ಟೇ, ಹಿಂದಕ್ಕೆ ಬ್ಯಾಕ್‌ಸ್ಟೇ, ಎರಡೂ ಪಕ್ಕಗಳಿಗೆ ಸಾಲುಸಾಲಾಗಿ ಶ್ರೌಡ್ ಎಂಬ ದಪ್ಪ ಹಗ್ಗಗಳು. ಗಾಳಿ ಬಲಗಡೆಯಿಂದ ಬೀಸಿದರೆ ಬಲಗಡೆಯ ಶ್ರೌಡುಗಳು ಬಿಗಿದು, ಭಾರವನ್ನು ಹೊತ್ತು, ಹಡಗಿನ ಪಕ್ಕೆಗೆ ದಾಟಿಸುತ್ತವೆ, ಎಡಗಡೆಯವು ಸಡಿಲಗೊಳ್ಳುತ್ತವೆ. ಸೆಣಬಿನಂಥ ನಾರಿನ ಹಗ್ಗ ಹಿಗ್ಗುತ್ತಿದ್ದುದರಿಂದ ಪ್ರತಿ ಶ್ರೌಡಿನ ಬುಡದಲ್ಲೂ ಡೆಡ್‌ಐ ಎಂಬ ಮೂರು ತೂತಿನ ಮರದ ಬಿಲ್ಲೆಗಳ ಜೋಡಿಯನ್ನಿಟ್ಟು, ಅವುಗಳ ನಡುವೆ ಪೋಣಿಸಿದ ಹುರಿಯನ್ನು ಎಳೆದು ಮತ್ತೆ ಬಿಗಿಮಾಡುತ್ತಿದ್ದರು. ಇಡೀ ರಚನೆಯಲ್ಲಿ ನನಗೆ ಅತ್ಯಂತ ಜಾಣ ಉಪಾಯವೆನಿಸುವುದು ಇದೇ.

ಕೆಳಗಂಬದ ತುದಿಯ ವೇದಿಕೆಯನ್ನು ಕಾವಲುಗಾರನ ಜಾಗವೆಂದಷ್ಟೇ ಹಲವರು ತಿಳಿಯುತ್ತಾರೆ. ಟಾಪ್‌ಮಾಸ್ಟಿನ ಶ್ರೌಡುಗಳನ್ನು ಅಗಲಿಸಿ ಹಿಡಿಯುವುದು ಅದರ ಮುಖ್ಯ ಕೆಲಸ. ಅಗಲ ಕಡಿಮೆಯಾದಷ್ಟೂ ಹಗ್ಗದ ಪಕ್ಕದೆಳೆತ ದುರ್ಬಲವಾಗುತ್ತದೆ.

[ದೃಶ್ಯ: ಅಡ್ಡಮರ ತಿರುಗುವ ಚಿತ್ರ]

ಇವು ಕದಲದ ಹಗ್ಗಗಳು. ಎಳೆದು ಬಿಡುವ ಹಗ್ಗಗಳ ಗುಂಪು ಬೇರೆಯೇ ಇದೆ: ಹ್ಯಾಲ್ಯಾರ್ಡ್ ಹಾಯಿಯನ್ನು ಏರಿಸುತ್ತದೆ, ಶೀಟ್ ಅದರ ಕೆಳಮೂಲೆಯನ್ನು ಹಿಡಿಯುತ್ತದೆ, ಯಾರ್ಡ್ ಎಂಬ ಅಡ್ಡಮರವನ್ನು ಗಾಳಿಗೆ ತಕ್ಕಂತೆ ಬ್ರೇಸ್ ತಿರುಗಿಸುತ್ತದೆ.

1997ರಲ್ಲಿ ಸೇವೆಗೆ ಸೇರಿದ, ಗೋವಾದಲ್ಲಿ ನಿರ್ಮಾಣಗೊಂಡ ನಮ್ಮ ನೌಕಾಪಡೆಯ ತರಬೇತಿ ಹಡಗು ಐಎನ್‌ಎಸ್ ತರಂಗಿಣಿಗೆ ಮೂರು ಕಂಬಗಳೂ 20 ಹಾಯಿಗಳೂ ಇವೆ. ಇಂಥ ಹಡಗುಗಳಲ್ಲಿ ಕಂಬ ಏರುವವರು ಗಾಳಿ ಬೀಸುವ ಪಕ್ಕದ ಶ್ರೌಡುಗಳನ್ನೇ ಹಿಡಿದು ಹತ್ತುತ್ತಾರೆ, ಏಕೆಂದರೆ ಅಲ್ಲಿ ಗಾಳಿಯು ಮೈಯನ್ನು ಹಗ್ಗಗಳಿಗೆ ಒತ್ತಿ ಹಿಡಿಯುತ್ತದೆ.