ಪೊಟೊಮ್ಯಾಕ್ ದಡದ ಕಲ್ಲುಮನೆ: ಕಾರ್ಲೈಲ್ ಮನೆತನದ ಕಥೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಮಧ್ಯಾಹ್ನ, ಊಟದ ಮೇಲಿನ ನಿದ್ದೆ ಬಿಟ್ಟು ಬಂದಿದ್ದೀರಿ. ಅದಕ್ಕೆ ಪೀಠಿಕೆ ಬೇಡ, ಸೀದಾ ಮನೆಯೊಳಗೇ ಹೋಗೋಣ.

1753ನೇ ಇಸವಿ, ಆಗಸ್ಟ್ 1. ವರ್ಜೀನಿಯಾದ ಅಲೆಕ್ಸಾಂಡ್ರಿಯಾ. ಊರು ಹುಟ್ಟಿ ಇನ್ನೂ ನಾಲ್ಕೇ ವರ್ಷ. ಸುತ್ತ ಇರೋದೆಲ್ಲ ಜಾಸ್ತಿ ಮರದ ಮನೆಗಳು. ಅವುಗಳ ನಡುವೆ, ಪೊಟೊಮ್ಯಾಕ್ ನದಿಗೂ ಸಂತೆ ಬಯಲಿಗೂ ಮಧ್ಯೆ, ಒಂದು ದೊಡ್ಡ ಕಲ್ಲಿನ ಮನೆ ಎದ್ದಿದೆ. ಆ ದಿನ ಅದರ ಗೃಹಪ್ರವೇಶ. ಮನೆ ಯಜಮಾನ ಜಾನ್ ಕಾರ್ಲೈಲ್‌ಗೆ ಆಗ 33 ವರ್ಷ. ಹೆಂಡತಿ ಸಾರಾ ತುಂಬು ಗರ್ಭಿಣಿ. ಸಾಮಾನು ಒಳಗಿಟ್ಟ ಅದೇ ರಾತ್ರಿ ಆಕೆಗೆ ಹೆರಿಗೆಯಾಯಿತು. ಮೊದಲ ಗಂಡುಮಗು. ಎರಡೂ ಕಡೆಯ ತಾತಂದಿರ ಹೆಸರು ವಿಲಿಯಂ ಅಂತಲೇ ಇತ್ತು, ಮಗುವಿಗೂ ಅದನ್ನೇ ಇಟ್ಟರು. ಹೊಸ ಮನೆ, ಹೊಸ ಕುಡಿ, ತಾತನ ಹೆಸರು. ನಮ್ಮ ಕಡೆ ಆಗಿದ್ದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಆ ಮಗು ದೊಡ್ಡದಾಗಲಿಲ್ಲ.

ಈ ಮನೆಯ ವಂಶಾವಳಿ ಬಗ್ಗೆ ನಾನು ಮಾತಾಡಬೇಕು ಅಂದುಕೊಂಡದ್ದು ಇದೇ ಕಾರಣಕ್ಕೆ. ವಂಶಾವಳಿ ಅಂದರೆ ನಮ್ಮ ಕಣ್ಣಿಗೆ ಬರೋದು ಒಂದು ಮರದ ಚಿತ್ರ, ಮೇಲಿಂದ ಕೆಳಗೆ ಗಂಡಸರ ಹೆಸರು. ಕಾರ್ಲೈಲ್ ಕೂಡ ಹಾಗೇ ಯೋಚನೆ ಮಾಡಿದವನು. ಆ ಮನೆ ಮಾತ್ರ ಬೇರೆಯೇ ಕಥೆ ಹೇಳುತ್ತದೆ.

ಮೊದಲು ಆತನ ಮೂಲ. ಸ್ಕಾಟ್ಲೆಂಡಿನ ದಕ್ಷಿಣಕ್ಕೆ ಡಂಫ್ರೀಸ್ ಅಂತ ಒಂದು ಸೀಮೆ. ಅಲ್ಲಿ ಟಾರ್ಥರ್‌ವಾಲ್ಡ್ ಎಂಬ ಊರು. ಅಲ್ಲಿನ ಒಡೆಯರು ಕಾರ್ಲೈಲ್ ಮನೆತನದವರು, 15ನೇ ಶತಮಾನದಲ್ಲಿ ಲಾರ್ಡ್ ಪದವಿ ಪಡೆದವರು. ಅವರ ಕೋಟೆಮನೆಯ ಮುರಿದ ಗೋಡೆ ಇವತ್ತಿಗೂ ನಿಂತಿದೆ. ಜಾನ್ ಹುಟ್ಟೋ ಹೊತ್ತಿಗೆ ಆ ದೊಡ್ಡಸ್ತಿಕೆ ಎಲ್ಲ ಹಳೇ ಮಾತಾಗಿತ್ತು. ಅಪ್ಪ ವಿಲಿಯಂ, ಗಡಿ ದಾಟಿದರೆ ಸಿಗುವ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ವೈದ್ಯ, ಔಷಧಿ ಅಂಗಡಿಯವನು. ತಾಯಿ ರೇಚೆಲ್ ಮರ್ರೆ. ಜಾನ್ ಹುಟ್ಟಿದ್ದು 1720ರಲ್ಲಿ. ಎರಡನೇ ಮಗ. ಆ ಕಾಲದ ಬ್ರಿಟನ್ನಿನಲ್ಲಿ ಎರಡನೇ ಮಗ ಅಂದರೆ ಏನು ಗೊತ್ತಲ್ವಾ? ಆಸ್ತಿ ಹಿರಿಯನಿಗೆ. ಉಳಿದವರು ಸೈನ್ಯಕ್ಕೆ, ಚರ್ಚಿಗೆ, ಇಲ್ಲ ಹಡಗು ಹತ್ತೋದು.

ಈತ ಹಡಗು ಹತ್ತಿದ. ವೈಟ್‌ಹೇವನ್ ಬಂದರಿನ ಒಬ್ಬ ವ್ಯಾಪಾರಿಯ ಏಜೆಂಟ್ ಆಗಿ, ಇಪ್ಪತ್ತರ ಆಸುಪಾಸಿನಲ್ಲಿ ವರ್ಜೀನಿಯಾಕ್ಕೆ ಬಂದ. ಶುರುವಿನಲ್ಲಿ ಆಸೆ ಇದ್ದದ್ದು ಒಂದೇ: ಒಂದಷ್ಟು ದುಡ್ಡು ಮಾಡಿಕೊಂಡು ತಾಯ್ನಾಡಿಗೆ ವಾಪಸ್ ಹೋಗೋದು. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಜನ ಅದೇ ಮಾತು ಹೇಳಿಕೊಂಡು ಬಂದಿದ್ದೇವೆ! ಕಾರ್ಲೈಲ್ ವಾಪಸ್ ಹೋಗಲಿಲ್ಲ. ಇಲ್ಲೇ ಮಣ್ಣಾದ.

ಆ ವ್ಯಾಪಾರದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಮನೆಯ ಒಂದೊಂದು ಕಲ್ಲೂ ಹೊಗೆಸೊಪ್ಪಿನ ದುಡ್ಡಿನಿಂದ ಬಂದದ್ದು. 1707ರಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡ್ ಎರಡೂ ಒಂದಾದ ಮೇಲೆ ಸ್ಕಾಟಿಷ್ ವ್ಯಾಪಾರಿಗಳಿಗೆ ಅಮೆರಿಕದ ವಸಾಹತುಗಳ ಬಾಗಿಲು ತೆರೆಯಿತು. ಗ್ಲಾಸ್ಗೋ ನಗರ ಹೊಗೆಸೊಪ್ಪಿನಿಂದಲೇ ಎದ್ದು ನಿಂತಿತು. ಜಾನ್ ಗ್ಲಾಸ್‌ಫರ್ಡ್, ವಿಲಿಯಂ ಕನಿಂಗ್‌ಹ್ಯಾಮ್, ಅಲೆಕ್ಸಾಂಡರ್ ಸ್ಪೀರ್ಸ್, ಇವರನ್ನೆಲ್ಲ 'ಟೊಬ್ಯಾಕೊ ಲಾರ್ಡ್ಸ್' ಅಂತಲೇ ಕರೆಯೋರು. ಕೆಲಸ ನಡೆಯೋ ರೀತಿ ಹೀಗೆ. ಒಣಗಿಸಿದ ಎಲೆಯನ್ನು ದೊಡ್ಡ ದೊಡ್ಡ ಮರದ ಪೀಪಾಯಿಗಳಲ್ಲಿ ಒತ್ತಿ ಒತ್ತಿ ತುಂಬುತ್ತಿದ್ದರು. ಒಂದೊಂದು ಸುಮಾರು 1000 ಪೌಂಡ್, ಅಂದರೆ ನಾಲ್ಕೂವರೆ ಕ್ವಿಂಟಾಲ್ ತೂಗೋದು. ಅದನ್ನು ಉರುಳಿಸಿಕೊಂಡೇ ನದಿ ದಡದ ಗೋದಾಮಿಗೆ ತರಬೇಕು, ಅಲ್ಲಿ ಸರ್ಕಾರದ ಪರೀಕ್ಷೆ ಆಗಬೇಕು, ಆಮೇಲೆ ಹಡಗು. ಬೆಳೆಗಾರನಿಗೆ ಬಟ್ಟೆ, ಕಬ್ಬಿಣದ ಸಾಮಾನು, ಪಿಂಗಾಣಿ ಎಲ್ಲವೂ ಇದೇ ವ್ಯಾಪಾರಿಯ ಅಂಗಡಿಯಿಂದ, ಸಾಲದ ಲೆಕ್ಕದಲ್ಲಿ. ಮುಂದಿನ ಬೆಳೆಯಲ್ಲಿ ಮುರಿದುಕೊಳ್ಳೋದು. ನಮ್ಮೂರಿನ ಮಂಡಿ ಸಾಹುಕಾರರ ಲೆಕ್ಕದ ಪುಸ್ತಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ.

ಅಲೆಕ್ಸಾಂಡ್ರಿಯಾ ಊರು ಹುಟ್ಟಿದ್ದೂ ಅಂಥದ್ದೇ ಒಂದು ಗೋದಾಮಿನ ಪಕ್ಕ. ಆ ಗೋದಾಮು ಹ್ಯೂ ವೆಸ್ಟ್ ಎಂಬಾತನದು. ಆ ಹೆಸರು ನೆನಪಿರಲಿ, ಮತ್ತೆ ಬರುತ್ತದೆ. 1749ರ ಜುಲೈನಲ್ಲಿ ಊರಿನ ನಿವೇಶನಗಳನ್ನು ಹರಾಜು ಹಾಕಿದರು. ಊರು ಕಟ್ಟಲು ನೇಮಕವಾದ ಟ್ರಸ್ಟಿಗಳಲ್ಲಿ ಕಾರ್ಲೈಲ್ ಒಬ್ಬ. ಎದುರಿಗೆ ಸಂತೆ, ಹಿಂದೆ ನದಿ, ಅಂಥ ಎರಡು ಒಳ್ಳೆಯ ನಿವೇಶನಗಳನ್ನು ಆತ ಹಿಡಿದ. ಆಗಿನ ಕಾಲದ ಒಂದು ನಕ್ಷೆಯಲ್ಲಿ ಯಾರು ಯಾವ ನಿವೇಶನ ಕೊಂಡರು ಅಂತ ಬರೆದಿದೆ. ಬರೆದವನು ಹದಿನೇಳು ವರ್ಷದ ಹುಡುಗ, ಹೆಸರು ಜಾರ್ಜ್ ವಾಷಿಂಗ್ಟನ್.

ವಾಷಿಂಗ್ಟನ್‌ಗೂ ಇವರಿಗೂ ನೆಂಟಸ್ತನ ಇತ್ತು. ಸಾರಾ, ಬೆಲ್ವಾರ್ ಎಂಬ ದೊಡ್ಡ ತೋಟದ ಒಡೆಯ ವಿಲಿಯಂ ಫೇರ್‌ಫ್ಯಾಕ್ಸ್‌ನ ಮಗಳು. ಆಕೆಯ ಅಕ್ಕ ಆ್ಯನ್‌ಳನ್ನು ಕೊಟ್ಟಿದ್ದು ವಾಷಿಂಗ್ಟನ್ನನ ಅಣ್ಣ ಲಾರೆನ್ಸ್‌ಗೆ. ಅಂದರೆ ಕಾರ್ಲೈಲ್ ಮತ್ತು ಲಾರೆನ್ಸ್ ಷಡ್ಡಕರು. ನೆಂಟಸ್ತನ ವಿವರಿಸುವಾಗ ಇಂಗ್ಲಿಷಿನಲ್ಲಿ ತಡವರಿಸೋರಿಗೆ ನಮ್ಮ ಈ ಒಂದು ಪದ ಎಷ್ಟು ಅನುಕೂಲ ನೋಡಿ. ಊರಿಗೆ ಹೊಸಬ, ಔಷಧಿ ಅಂಗಡಿಯವನ ಮಗ, ಆ ಸೀಮೆಯ ಅತಿ ದೊಡ್ಡ ಮನೆತನದ ಅಳಿಯ ಆದ. ಆ ಮನೆ ಇರುವ ಬೀದಿಯ ಹೆಸರು ಇವತ್ತಿಗೂ ಫೇರ್‌ಫ್ಯಾಕ್ಸ್ ಬೀದಿ. ಮನೆ ಕಾರ್ಲೈಲ್‌ನದು, ಬೀದಿ ಹೆಂಡತಿಯ ತವರಿನದು.

ಮನೆಗೆ ಅಕ್ವಾಯ ಎಂಬ ಕಡೆಯ ಮರಳುಗಲ್ಲು ತರಿಸಿದ. ಮರ ಬಿಟ್ಟು ಕಲ್ಲು ಯಾಕೆ? ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಜಹಗೀರುದಾರರ ಹಳ್ಳಿಮನೆಗಳು ಹಾಗೇ ಇರುತ್ತಿದ್ದವು. ನಡುವೆ ಬಾಗಿಲು, ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ಆತ ಕಟ್ಟಿದ್ದು ಬರೀ ವಾಸದ ಮನೆ ಅಲ್ಲ, ಕಳೆದುಹೋದ ಟಾರ್ಥರ್‌ವಾಲ್ಡ್ ಅಂತ ನನಗೆ ಅನ್ನಿಸುತ್ತದೆ. ಇದು ಸುಮ್ನೆ ಊಹೆಯಲ್ಲ. ತನ್ನ ಒಂದು ತೋಟಕ್ಕೆ ಆತ ಟಾರ್ಥರ್‌ವಾಲ್ಡ್ ಅಂತಲೇ ಹೆಸರಿಟ್ಟಿದ್ದ.

1755ರ ಏಪ್ರಿಲ್‌ನಲ್ಲಿ ಈ ಮನೆ ಇತಿಹಾಸ ಸೇರಿತು. ಫ್ರೆಂಚರ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಜನರಲ್ ಎಡ್ವರ್ಡ್ ಬ್ರಾಡಕ್ ಇಲ್ಲೇ ಬಿಡಾರ ಹೂಡಿ, ಐದು ವಸಾಹತುಗಳ ಗವರ್ನರ್‌ಗಳನ್ನು ಕರೆಸಿದ. ದುಡ್ಡು ಎಲ್ಲಿಂದ ತರೋದು ಅನ್ನೋದೇ ಮುಖ್ಯ ಪ್ರಶ್ನೆ. ಇಲ್ಲಿನ ಶಾಸನ ಸಭೆಗಳು ಕೊಡೋದಿಲ್ಲ, ಲಂಡನ್ನಿನ ಪಾರ್ಲಿಮೆಂಟೇ ತೆರಿಗೆ ಹಾಕಬೇಕು ಅಂತ ಗವರ್ನರ್‌ಗಳು ಹೇಳಿದರು. ಹತ್ತು ವರ್ಷಕ್ಕೆ ಕಾಗದಪತ್ರಗಳ ಮೇಲೆ ಸ್ಟ್ಯಾಂಪ್ ತೆರಿಗೆ ಬಂತು, ಅಲ್ಲಿಂದ ಮುಂದೆ ಬ್ರಿಟಿಷರ ವಿರುದ್ಧ ಅಮೆರಿಕದ ಕ್ರಾಂತಿ. ಕಾರ್ಲೈಲ್ ಅಣ್ಣನಿಗೆ ಬರೆದ ಪತ್ರದಲ್ಲಿ ತನ್ನ ಮನೆಯಲ್ಲಿ ಇಷ್ಟು ದೊಡ್ಡ ಸಭೆ ಸೇರಿದ್ದಕ್ಕೆ ಹಿಗ್ಗಿದ್ದಾನೆ. ಅದೇ ಪತ್ರದಲ್ಲಿ ಸಿಟ್ಟೂ ಇದೆ. ಬಂದವರು ಬೇಕಾದ್ದು ತಗೊಂಡರು, ಕಾಸು ಕೊಡಲಿಲ್ಲ, ಕೊಟ್ಟರೂ ಅಲ್ಪಸ್ವಲ್ಪ ಅಂತ ದೂರು. ಜುಲೈ 9ಕ್ಕೆ ಬ್ರಾಡಕ್‌ನ ಸೈನ್ಯ ನುಚ್ಚುನೂರಾಯಿತು, ಗಾಯಗೊಂಡ ಬ್ರಾಡಕ್ ನಾಲ್ಕು ದಿನಕ್ಕೆ ಸತ್ತ.

ಮನೆಯ ಮುಂದಿನ ಫಲಕಗಳಲ್ಲಿ ಈ ಸಭೆಯದೇ ದೊಡ್ಡ ಸುದ್ದಿ. ನನ್ನ ಮನಸ್ಸು ಮಾತ್ರ ಮಹಡಿಯ ಮಲಗುವ ಕೋಣೆಗಳ ಕಡೆಗೇ ಹೋಗುತ್ತದೆ. ಸಾರಾ ಏಳು ಮಕ್ಕಳನ್ನು ಹೆತ್ತಳು. ದೊಡ್ಡವರಾಗಿ ಬೆಳೆದದ್ದು ಇಬ್ಬರು ಹೆಣ್ಣುಮಕ್ಕಳು, ಸ್ಯಾಲಿ ಮತ್ತು ನ್ಯಾನ್ಸಿ. 1761ರಲ್ಲಿ ಸಾರಾ ಹೆರಿಗೆಯಲ್ಲೇ ತೀರಿಕೊಂಡಳು. ಕಾರ್ಲೈಲ್ ಮತ್ತೆ ಮದುವೆಯಾದ. ಹುಡುಗಿ ಸಿಬಿಲ್ ವೆಸ್ಟ್, ಆ ಗೋದಾಮಿನ ಹ್ಯೂ ವೆಸ್ಟ್‌ನ ಮಗಳು. ಆಕೆಗೆ ನಾಲ್ಕು ಮಕ್ಕಳು, ಉಳಿದವನು ಒಬ್ಬನೇ, ಜಾರ್ಜ್ ವಿಲಿಯಂ. 1769ರಲ್ಲಿ ಸಿಬಿಲ್ ಕೂಡ ಹೋದಳು. ಮೊದಲ ಹೆಂಡತಿಯ ಮಗಳು ನ್ಯಾನ್ಸಿ ಮದುವೆಯಾಗಿ, ಒಂದು ಗಂಡುಮಗು ಹೆತ್ತು, 1778ರಲ್ಲಿ ತಾಯಿಯ ದಾರಿಯನ್ನೇ ಹಿಡಿದಳು. ಹನ್ನೊಂದು ಮಕ್ಕಳು, ಮೂವರು ಬೆಳೆದದ್ದು. ಇಬ್ಬರು ಹೆಂಡತಿಯರು, ಬೆಳೆದ ಒಬ್ಬ ಮಗಳು ಕಣ್ಣೆದುರೇ ಹೋದರು. ಎಂಥ ದೊಡ್ಡ ಕಲ್ಲುಮನೆ ಆದರೇನು, ಆ ಕೋಣೆಗಳಲ್ಲಿ ಎಷ್ಟು ಸಲ ತೊಟ್ಟಿಲು ಕಟ್ಟಿ ಬಿಚ್ಚಿರಬಹುದು.

1780ರಲ್ಲಿ ಕಾರ್ಲೈಲ್ ತೀರಿಕೊಂಡ. ಮನೆ, ಹೆಸರು ಎಲ್ಲವೂ ಜಾರ್ಜ್ ವಿಲಿಯಂಗೆ. ಹುಡುಗ ಕ್ರಾಂತಿಯ ಯುದ್ಧಕ್ಕೆ ಹೊರಟ. 1781ರ ಸೆಪ್ಟೆಂಬರ್ 8ರಂದು ದಕ್ಷಿಣ ಕ್ಯಾರೊಲಿನಾದ ಯೂಟಾ ಸ್ಪ್ರಿಂಗ್ಸ್‌ನಲ್ಲಿ ಸತ್ತ. ಅಪ್ಪ ಹೋಗಿ ಒಂದೇ ವರ್ಷ. ಹುಡುಗನಿಗೆ ಹದಿನೈದರ ಆಸುಪಾಸು, ನಮ್ಮ ಮನೆಯ ಹತ್ತನೇ ಕ್ಲಾಸಿನ ಮಕ್ಕಳ ವಯಸ್ಸು. ಗಂಡು ಕುಡಿ ಅಲ್ಲಿಗೆ ಮುಗಿಯಿತು.

ಮನೆ ಮುಗಿಯಲಿಲ್ಲ. ಹಿರಿಯ ಮಗಳು ಸ್ಯಾಲಿಗೆ ಬಂತು. ಆಕೆಯ ಗಂಡ ವಿಲಿಯಂ ಹರ್ಬರ್ಟ್, ಐರ್ಲೆಂಡಿನಿಂದ ಬಂದ ವ್ಯಾಪಾರಿ. ಟಾರ್ಥರ್‌ವಾಲ್ಡ್ ತೋಟ ಸೇರಿದ್ದು ನ್ಯಾನ್ಸಿ ಬಿಟ್ಟುಹೋದ ಆ ಗಂಡುಮಗುವಿಗೆ, ಕಾರ್ಲೈಲ್ ಫೇರ್‌ಫ್ಯಾಕ್ಸ್ ವೈಟಿಂಗ್‌ಗೆ. ಮನೆತನದ ಹೆಸರು ಈಗ ಮೊಮ್ಮಗನ ಮೊದಲ ಹೆಸರಾಗಿ ಕೂತಿತು. ವಂಶಾವಳಿಯ ಚಿತ್ರದಲ್ಲಿ 'ಇಲ್ಲಿಗೆ ನಿಂತಿತು' ಅಂತ ಗೆರೆ ಎಳೆಯುವ ಜಾಗದಿಂದಲೇ ಹೆಣ್ಣುಮಕ್ಕಳ ಕಡೆಯಿಂದ ಮನೆ, ನೆಲ, ಹೆಸರು ಮೂರೂ ಮುಂದಕ್ಕೆ ಹೋದವು. 1827ರವರೆಗೆ ಮನೆ ಕುಟುಂಬದ ಕೈಯಲ್ಲಿತ್ತು.

ಕ್ರಾಂತಿಯ ಯುದ್ಧ ಕಡಲಾಚೆಯ ಮನೆಗಳನ್ನೂ ಅಲ್ಲಾಡಿಸಿತು. ವರ್ಜೀನಿಯಾ ಜೊತೆ ವ್ಯಾಪಾರ ಮಾಡುತ್ತಿದ್ದ ಗ್ಲಾಸ್ಗೋದ ಅಲೆಕ್ಸಾಂಡರ್ ಮನ್ರೋ ಎಂಬ ವ್ಯಾಪಾರಿ ಇದರಲ್ಲಿ ಪೂರ್ತಿ ಮುಳುಗಿದ. ಮಗನನ್ನು ಕಂಪನಿ ಸೈನ್ಯಕ್ಕೆ ಸೇರಿಸಿದರು. ಆ ಮಗ 1780ರಲ್ಲಿ ಮದ್ರಾಸಿಗೆ ಬಂದಿಳಿದ. ಅವರೇ ಥಾಮಸ್ ಮನ್ರೋ. 1799ರಲ್ಲಿ ಕೆನರಾ ಜಿಲ್ಲೆಗೆ ಬಂದವರು, ಆಮೇಲೆ 1807ರವರೆಗೆ ಬಳ್ಳಾರಿ ಸೀಮೆಯ ಕಲೆಕ್ಟರ್, ರೈತವಾರಿ ಪದ್ಧತಿ ನೆಲೆಗೊಳಿಸಿದವರು, ಮಂತ್ರಾಲಯದ ಕಥೆಯಲ್ಲಿ ಬರುವ ಅದೇ ಮನ್ರೋ ಸಾಹೇಬರು. ಬಳ್ಳಾರಿ ರೈತನ ಕಂದಾಯದ ಲೆಕ್ಕಕ್ಕೂ ವರ್ಜೀನಿಯಾದ ಹೊಗೆಸೊಪ್ಪಿಗೂ ನಡುವೆ ಹೀಗೊಂದು ದಾರ ಇದೆ ಅಂತ ತಿಳಿದಾಗ ನನಗೆ ಎರಡು ದಿನ ಬೇರೆ ಯೋಚನೆಯೇ ಬರಲಿಲ್ಲ.

ಮನೆಗೆ ಮರಳೋಣ. ಮುಂದೆ ಜೇಮ್ಸ್ ಗ್ರೀನ್ ಎಂಬಾತ ಕೊಂಡು, ಮನೆಯ ಮುಂದೆಯೇ ದೊಡ್ಡ ಹೋಟೆಲ್ ಕಟ್ಟಿದ. ಬೀದಿಯಲ್ಲಿ ನಿಂತರೆ ಹಳೇ ಮನೆ ಕಾಣುತ್ತಲೇ ಇರಲಿಲ್ಲ. ಅಂತರ್ಯುದ್ಧದ ಕಾಲಕ್ಕೆ ಆ ಹೋಟೆಲ್ ಸೈನಿಕರ ಆಸ್ಪತ್ರೆಯಾಯಿತು. 1970ರಲ್ಲಿ ಪ್ರಾದೇಶಿಕ ಉದ್ಯಾನ ಪ್ರಾಧಿಕಾರ ಮನೆಯನ್ನು ಕೊಂಡು, ಮುಂದಿನ ಕಟ್ಟಡ ತೆಗೆಸಿ, ರಿಪೇರಿ ಮಾಡಿಸಿ, 1976ರಲ್ಲಿ ಜನರಿಗೆ ತೆರೆಯಿತು. ಆಗ ಒಂದು ಹೊಗೆಗೂಡಿನ ಬುಡದಲ್ಲಿ ಸಿಕ್ಕಿದ್ದು ಒಣಗಿ ಕಟ್ಟಿಗೆಯಂತಾದ ಬೆಕ್ಕು. ದುಷ್ಟಶಕ್ತಿ ಒಳಗೆ ಬರದಿರಲಿ ಅಂತ ಮನೆ ಕಟ್ಟುವಾಗ ಹಾಗೆ ಬೆಕ್ಕನ್ನು ಇಡುವ ಪದ್ಧತಿ ಬ್ರಿಟನ್ನಿನಲ್ಲಿತ್ತು. ನಾವು ಬೂದುಗುಂಬಳಕಾಯಿ ಕಟ್ಟೋದಿಲ್ವಾ, ಹಾಗೇ. ಬಸುರಿ ಹೆಂಡತಿಯ ಜೊತೆ ಒಳಗೆ ಕಾಲಿಡುವ ಮನೆಗೆ ಒಂದು ಕಾವಲು ಬೇಕು ಅಂತ ಯಾರಿಗೋ ಅನ್ನಿಸಿತ್ತು.

ಕೊನೆಗೆ ಒಂದು ಕಾಗದದ ಬಗ್ಗೆ. ಕಾರ್ಲೈಲ್ ಸತ್ತ ಮೇಲೆ ಮನೆಯಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿದರು. ಇವತ್ತು ಕೋಣೆಗಳಲ್ಲಿ ಮೇಜು ಕುರ್ಚಿ ಜೋಡಿಸಿರೋದಕ್ಕೆ ಆ ಪಟ್ಟಿಯೇ ದೊಡ್ಡ ಆಧಾರ. ಅದರಲ್ಲಿ ಪಾತ್ರೆ ಪಗಡಿ, ಮಂಚ, ಕನ್ನಡಿಗಳ ಜೊತೆಗೇ ಮನುಷ್ಯರೂ ಇದ್ದಾರೆ. ಮೋಸೆಸ್, ನ್ಯಾನಿ, ಪೆನ್ನಿ, ಇನ್ನೂ ಕೆಲವರು. ಆಫ್ರಿಕಾ ಮೂಲದ ಗುಲಾಮರು. ಅಡುಗೆ ಮಾಡಿದವರು, ನೀರು ಹೊತ್ತವರು, ಮಕ್ಕಳನ್ನು ಎತ್ತಿ ಆಡಿಸಿದವರು. ಕಾರ್ಲೈಲ್ ತನ್ನ ಬೇರನ್ನು 15ನೇ ಶತಮಾನಕ್ಕೆ ಒಯ್ಯಬಲ್ಲವನಾಗಿದ್ದ. ಇವರಿಗೆ ಒಂದೊಂದೇ ಹೆಸರು. ಅಪ್ಪ ಯಾರು, ಅಮ್ಮ ಯಾರು, ಯಾವ ಊರು, ಒಂದೂ ಬರೆದಿಲ್ಲ. ಇದು ಮರೆವಲ್ಲ, ಅನ್ಯಾಯ. ಆ ಮನೆಯ ವಂಶಾವಳಿ ಬರೆಯುವವರು ಈ ಪಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬರೆಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೀವು ನೋಡಲು ಹೋದಾಗ ಬ್ರಾಡಕ್ ಕೂತ ಕೋಣೆ ತೋರಿಸುತ್ತಾರೆ, ನೋಡಿ. ಜೊತೆಗೆ ಆ ಪಟ್ಟಿಯ ಬಗ್ಗೆಯೂ ಕೇಳಿ.

ನಾನು ಮೊದಲ ಸಲ ಅಲ್ಲಿಂದ ಬಂದ ರಾತ್ರಿ ನಮ್ಮ ಮನೆಯ ವಂಶಾವಳಿ ತೆಗೆದು ನೋಡಿದೆ. ತಾತ ಮೋಡಿ ಅಕ್ಷರದ ಕಾಗದ ನೋಡಿಕೊಂಡು ಕನ್ನಡಕ್ಕೆ ಇಳಿಸಿದ್ದು, ಏಳು ತಲೆಮಾರು. ಅದರಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ, ಹೊಲದಲ್ಲಿ ದುಡಿದ ಆಳುಗಳ ಹೆಸರಂತೂ ಇಲ್ಲವೇ ಇಲ್ಲ. ಊರಿಗೆ ಫೋನ್ ಮಾಡಿ ದೊಡ್ಡಮ್ಮನನ್ನು ಕೇಳಿ ಬರೆದುಕೊಳ್ಳುತ್ತಾ ಬಂದೆ. ಇವತ್ತಿಗೆ ಹದಿನಾಲ್ಕು ಹೆಂಗಸರು, ಮೂವರು ಆಳುಗಳು ಸಿಕ್ಕಿದ್ದಾರೆ. ಮುತ್ತಜ್ಜನ ತಂಗಿ ಒಬ್ಬರ ಹೆಸರು ಬಾಕಿ ಇದೆ. ಅವರನ್ನು ತೀರ್ಥಹಳ್ಳಿ ಕಡೆ ಕೊಟ್ಟಿದ್ದರು, ಚೊಚ್ಚಲ ಬಾಣಂತನದಲ್ಲೇ ಹೋದರು ಅನ್ನೋದಷ್ಟೇ ದೊಡ್ಡಮ್ಮನಿಗೆ ನೆನಪು. ಹೆಸರು ನೆನಪಾಗುತ್ತಿಲ್ಲ. ಬೆಳಗಿನ ಹೊತ್ತು ನೆನಪು ಚುರುಕಾಗಿರುತ್ತೆ, ಆಗ ಮಾಡು ಅಂದಿದ್ದಾರೆ. ಇವತ್ತು ರಾತ್ರಿ ಮಾಡುತ್ತೇನೆ, ಅವರಿಗೆ ಆಗ ಬೆಳಗಾಗಿರುತ್ತೆ.