ಕ್ಷಮೆ ಕೇಳುವ ಹಬ್ಬ

ಕೇಳುಗರೇ, ನಮಸ್ಕಾರ.

ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಹತ್ತು ದಿನ ದಿಗಂಬರ ಜೈನರಿಗೆ ದಶಲಕ್ಷಣ ಪರ್ವ. ಇದು ಉಣ್ಣುವ ಹಬ್ಬವಲ್ಲ, ಉಣ್ಣುವುದನ್ನು ಕಡಿಮೆ ಮಾಡುವ ಹಬ್ಬ. ಕೆಲವರು ಒಪ್ಪೊತ್ತು ಮಾಡುತ್ತಾರೆ, ಕೆಲವರು ಸೋಸಿ ಕಾಯಿಸಿದ ನೀರಿನಲ್ಲೇ ದಿನ ಕಳೆಯುತ್ತಾರೆ. ಬಸದಿಗಳಲ್ಲಿ ಬೆಳಿಗ್ಗೆ ಅಭಿಷೇಕ, ಪೂಜೆ. ಜೈನತತ್ತ್ವವನ್ನು ಸೂತ್ರಗಳಲ್ಲಿ ಹೇಳುವ, ಹತ್ತು ಅಧ್ಯಾಯಗಳ ತತ್ತ್ವಾರ್ಥಸೂತ್ರವೆಂಬ ಗ್ರಂಥವನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ ವಿವರಿಸುವ ರೂಢಿಯೂ ಇದೆ.

ಆ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಒಂದೇ ಸೂತ್ರ ಹತ್ತು ಧರ್ಮಗಳನ್ನೂ ಹೇಳಿಬಿಡುತ್ತದೆ: ಉತ್ತಮ ಕ್ಷಮೆ, ಮಾರ್ದವ, ಆರ್ಜವ, ಶೌಚ, ಸತ್ಯ, ಸಂಯಮ, ತಪಸ್ಸು, ತ್ಯಾಗ, ನನ್ನದೇನೂ ಇಲ್ಲವೆಂಬ ಆಕಿಂಚನ್ಯ, ಬ್ರಹ್ಮಚರ್ಯ. ಮೊದಲ ನಾಲ್ಕನ್ನು ಗಮನಿಸಿ. ಕ್ರೋಧಕ್ಕೆ ಕ್ಷಮೆ, ಅಹಂಕಾರಕ್ಕೆ ಮಾರ್ದವವೆಂಬ ಮೃದುತನ, ಮಾಯೆ ಅಂದರೆ ಕಪಟಕ್ಕೆ ಆರ್ಜವವೆಂಬ ನೇರನಡೆ, ಲೋಭಕ್ಕೆ ಶೌಚವೆಂಬ ಮನಸ್ಸಿನ ಶುಚಿತನ. ಕ್ರೋಧ, ಮಾನ, ಮಾಯೆ, ಲೋಭ ಈ ನಾಲ್ಕನ್ನು ಜೈನರು ಕಷಾಯಗಳೆನ್ನುತ್ತಾರೆ. ಅವರ ದೃಷ್ಟಿಯಲ್ಲಿ ಕರ್ಮವೆಂದರೆ ಯಾರೋ ಬರೆದಿಟ್ಟ ಲೆಕ್ಕವಲ್ಲ, ಅತಿಸೂಕ್ಷ್ಮವಾದ ಪುದ್ಗಲ, ಅಂದರೆ ಜಡವಸ್ತು. ಎಣ್ಣೆ ಹಚ್ಚಿದ ಮೈಗೆ ಧೂಳು ಮೆತ್ತಿಕೊಳ್ಳುವ ಹಾಗೆ, ಕಷಾಯವಿರುವ ಜೀವಕ್ಕೆ ಅದು ಅಂಟುತ್ತದೆ.

ನನ್ನನ್ನು ಬಹಳವಾಗಿ ಸೆಳೆಯುವುದು ಇಲ್ಲಿಂದ ಮುಂದಿನ ಮಾತು. ಜೈನಮತದಲ್ಲಿ ಸೃಷ್ಟಿಕರ್ತನಿಲ್ಲ, ಪಾಪವನ್ನು ಮನ್ನಿಸುವ ಒಡೆಯನೂ ಇಲ್ಲ. ತೀರ್ಥಂಕರರು ದಾರಿ ತೋರಿದವರು, ನಮ್ಮ ತಪ್ಪನ್ನು ಅಳಿಸಿಕೊಡುವವರಲ್ಲ. ಹಾಗಾದರೆ ಕ್ಷಮೆ ಕೇಳುವುದು ಯಾರನ್ನು? ನೋಯಿಸಿದ್ದು ಯಾರನ್ನೋ ಅವರನ್ನೇ! ಪರ್ವ ಮುಗಿದ ಬೆನ್ನಿಗೆ, ಭಾದ್ರಪದ ಬಹುಳ ಪಾಡ್ಯದಂದು ಬರುವ ಕ್ಷಮಾವಣಿ ಇದಕ್ಕೆಂದೇ ಮೀಸಲು. ಜೈನರ ಇನ್ನೊಂದು ಪಂಥದವರಾದ ಶ್ವೇತಾಂಬರರು ತಮ್ಮ ಎಂಟು ದಿನಗಳ ಪರ್ಯುಷಣದ ಕೊನೆಗೆ, ಸಂವತ್ಸರಿಯಂದು, ‘ಮಿಚ್ಛಾಮಿ ದುಕ್ಕಡಂ’, ಅಂದರೆ ನನ್ನ ತಪ್ಪು ಹುಸಿಯಾಗಲಿ ಎಂದು ಕೈಮುಗಿಯುತ್ತಾರೆ.

‘ಖಮ್ಮಾಮಿ ಸವ್ವಜೀವಾಣಂ, ಸವ್ವೇ ಜೀವಾ ಖಮಂತು ಮೇ’ ಎಂಬುದು ಆ ದಿನ ಕೇಳಿಬರುವ ಪ್ರಾಕೃತ ಪಾಠ. ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಿಗಳೂ ನನ್ನನ್ನು ಕ್ಷಮಿಸಲಿ. ಎಲ್ಲ ಜೀವಿಗಳು ಎಂದರೆ ಮನುಷ್ಯರಷ್ಟೇ ಅಲ್ಲ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡಮರಗಳೇ ಮೈಯಾಗಿರುವ, ಒಂದೇ ಇಂದ್ರಿಯವುಳ್ಳ ಏಕೇಂದ್ರಿಯ ಜೀವಗಳೂ ಸೇರಿದವು. ಮಳೆಗಾಲದಲ್ಲಿ ನೆಲದ ತುಂಬ ಹುಳುಹುಪ್ಪಟೆ ಹುಟ್ಟುತ್ತವೆ. ಕಾಲಡಿಗೆ ಸಿಕ್ಕಿ ಅವು ಸಾಯಬಾರದೆಂದು ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸ್ಯಕ್ಕೆ ನೆಲೆಸುವುದು, ಆ ಚಾತುರ್ಮಾಸ್ಯದ ನಡುವೆಯೇ ಈ ಪರ್ವ ಬರುವುದು ಎಷ್ಟು ಒಪ್ಪುವಂತಿದೆ!

ಮೊಬೈಲಿನಲ್ಲಿ ಒಂದೇ ಸಂದೇಶವನ್ನು ನೂರಾರು ಮಂದಿಗೆ ಕಳುಹಿಸುವುದು ಈಗ ಸುಲಭ. ಸ್ನೇಹಿತರ ಮಟ್ಟಿಗೆ ಅದು ಸರಿ. ಆಸ್ತಿ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಅದು ಸಾಲದು, ಹೊಸಿಲು ದಾಟಿ ಎದುರಿಗೆ ಹೋಗಿ ನಿಲ್ಲಲೇಬೇಕು. ಮೊದಲು ಯಾರು ಹೋಗಬೇಕು ಎಂಬ ಬಿಗುಮಾನಕ್ಕೂ ಇಲ್ಲಿ ಎಡೆಯಿಲ್ಲ. ಈ ದಿನ ಹಿರಿಯರೂ ಕಿರಿಯರ ಕ್ಷಮೆ ಕೇಳುತ್ತಾರೆ. ಸಂಘದ ಆಚಾರ್ಯರೇ ತಮ್ಮ ಶಿಷ್ಯರೆದುರು, ಗೃಹಸ್ಥರಾದ ಶ್ರಾವಕ ಶ್ರಾವಿಕೆಯರೆದುರು ಕೈಜೋಡಿಸುತ್ತಾರೆ.