ಗ್ಯಾರೇಜು ಮುಚ್ಚಿದಾಗ ಗುಜರಿಗೆ ಹೋಗೋದು ಏನೇನು

ಹಳೇ ಜಾವಾ, ಯೆಜ್ಡಿ ಬೈಕಿನ ಎಡಗಡೆ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಸ್ಟಾರ್ಟ್ ಆದಮೇಲೆ ವಾಪಸ್ ಇಳಿಸಿದರೆ ಅದೇ ಗೇರು. ಆ ಲಿವರನ್ನ ಕಾಲಲ್ಲಿ ಒತ್ತಿದಾಗ ಒಳಗಿರೋ ಕ್ಯಾಮ್ ಕ್ಲಚ್ಚನ್ನೂ ತಾನೇ ಬಿಡಿಸುತ್ತೆ, ಕೈ ಕ್ಲಚ್ ಹಿಡೀದೇ ಇದ್ದರೂ ಗೇರು ಬೀಳುತ್ತೆ. ಹಾಗಾಗಿ ಈ ಗಾಡಿಗೆ ಕ್ಲಚ್ ಅಡ್ಜಸ್ಟ್ ಮಾಡೋದು ಅಂದರೆ ಹ್ಯಾಂಡಲ್ ಹತ್ತಿರ ವೈರ್ ಬಿಗಿ ಮಾಡಿ ಕಳಿಸೋ ಕೆಲಸ ಅಲ್ಲ. ವೈರಿನ ಆಟ ಒಂದು, ಒಳಗಿನ ಕ್ಯಾಮಿನ ಆಟ ಇನ್ನೊಂದು, ಎರಡೂ ಹೊಂದಬೇಕು. ವೈರನ್ನೇ ಎಳೆದೂ ಎಳೆದೂ ಬಿಗಿ ಮಾಡಿದರೆ ಪ್ಲೇಟು ಪೂರ್ತಿ ಕೂರೋದಿಲ್ಲ. ಏರಿನಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ, ಕೆಲವೇ ದಿನದಲ್ಲಿ ಪ್ಲೇಟು ಸುಟ್ಟುಹೋಗುತ್ತೆ. ಆಮೇಲೆ "ಹಳೇ ಗಾಡಿ ಅಲ್ವಾ ಸಾರ್, ಹಾಗೇ" ಅಂತ ಸಮಾಧಾನ ಹೇಳ್ತಾರೆ.

ಹಾಗೇ ಏನಲ್ಲ. ಅದು ಗೊತ್ತಿದ್ದ ಗ್ಯಾರೇಜು ಮುಚ್ಚಿದೆ, ಅಷ್ಟೇ.

ಬೀದಿ ಮೂಲೆಯ ಗ್ಯಾರೇಜು ಅಂದ ತಕ್ಷಣ ಜನಕ್ಕೆ ನೆನಪಾಗೋದು ತಗಡಿನ ಶೀಟು, ಪೆಟ್ರೋಲ್ ವಾಸನೆ, ಕಪ್ಪು ಕೈಯಲ್ಲಿ ಹಿಡಿದ ಟೀ ಲೋಟ. ಫೋಟೋಗೆ ಚೆನ್ನಾಗಿರುತ್ತೆ. ನಾನು ಹಳಹಳಿಸೋದು ಅದಕ್ಕಲ್ಲ, ಅಲ್ಲಿದ್ದ ಅಳತೆಗಳಿಗೆ. ಯಾವ ಪುಸ್ತಕದಲ್ಲೂ ಇಲ್ಲದೆ ಒಬ್ಬ ಮೇಸ್ತ್ರಿಯ ಕೈಯಲ್ಲಿ ಮಾತ್ರ ಇದ್ದ ಅಳತೆಗಳು ಶಟರ್ ಎಳೆದ ದಿನ ಒಟ್ಟಿಗೇ ಹೋಗಿಬಿಡುತ್ವೆ.

ಕರ್ನಾಟಕದಲ್ಲಿ ಈ ಕಥೆಗೆ ಸರಿಯಾದ ಉದಾಹರಣೆ ಮೈಸೂರೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಲೈಸೆನ್ಸಿನಡಿ ಗಾಡಿ ಮಾಡೋಕೆ ನಿಂತಿತು. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. ಬೆಂಗಳೂರಲ್ಲಿ ಅವರದೇ ಹೆಸರಿನ ಜೆ.ಸಿ. ರಸ್ತೆ ಮುಂದೆ ಸ್ಪೇರ್ ಪಾರ್ಟ್ಸ್ ಬೀದಿಯಾಗಿದ್ದು ಕಾಕತಾಳೀಯ, ಆದರೆ ಎಷ್ಟು ಒಪ್ಪುತ್ತೆ ನೋಡಿ. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅನ್ನೋ ಹೆಸರು ಬಂತು. ಸಿಲಿಂಡರಿನ ಒಳ ಅಗಲ, ಅಂದರೆ ಬೋರು, 65 ಮಿ.ಮೀ., ಪಿಸ್ಟನ್ ಓಡೋ ದೂರ, ಅಂದರೆ ಸ್ಟ್ರೋಕು, 75 ಮಿ.ಮೀ., ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಯಮಾಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ ನಿಂತಿದ್ದೂ ಅದೇ ವರ್ಷ.

ಕಂಪನಿ ಸತ್ತು ಸುಮಾರು ಮೂರು ದಶಕ ಆದಮೇಲೂ ಈ ಗಾಡಿಗಳು ರಸ್ತೆ ಮೇಲಿವೆ. ಈ ಹಳೇ ಗಾಡಿಗಳಿಗೆ ಅಂತ ಷೋರೂಮ್ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ. ಓಡಿಸಿದ್ದು ಪೂರ್ತಿ ಬೀದಿ ಗ್ಯಾರೇಜುಗಳೇ. ಏನು ಮಾಡ್ತಿದ್ರು ಅಂತ ಬಿಡಿಸಿ ಹೇಳ್ತೀನಿ, ಆಗ ಏನು ಹೋಯ್ತು ಅಂತ ಗೊತ್ತಾಗುತ್ತೆ.

ಬೆಳಗ್ಗೆ ಕಿಕ್ ಹೊಡೆದೂ ಹೊಡೆದೂ ಸುಸ್ತಾದ ಗಾಡಿ ಬಂತು ಅನ್ನಿ. ಬಲಗಡೆ ಕವರ್ ಬಿಚ್ಚಿದರೆ ಡೈನಮೋ, ಅದರ ಜೊತೆ ಪಾಯಿಂಟ್, ಅಂದರೆ ಬಿಚ್ಚಿಕೊಂಡಾಗ ಪ್ಲಗ್ಗಿನಲ್ಲಿ ಕಿಡಿ ಬರಿಸೋ ಚಿಕ್ಕ ಸ್ವಿಚ್ಚು. ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಇರಬೇಕು. ಕ್ಯಾಮಿಗೆ ಉಜ್ಜೋ ಫೈಬರ್ ತುಂಡು ಸವೆದ ಹಾಗೆ ಗ್ಯಾಪ್ ಕಮ್ಮಿಯಾಗುತ್ತೆ, ಗ್ಯಾಪ್ ಕಮ್ಮಿಯಾದ್ರೆ ಪಾಯಿಂಟ್ ತಡವಾಗಿ ಬಿಚ್ಚುತ್ತೆ, ಅಂದರೆ ಕಿಡಿ ತಡವಾಗಿ ಬರುತ್ತೆ. ಪಿಕಪ್ ಸಾಯುತ್ತೆ, ಇಂಜಿನ್ ಕಾಯುತ್ತೆ. ಗ್ಯಾಪ್ ಜಾಸ್ತಿ ಇಟ್ಟರೆ ಉಲ್ಟಾ, ಟೈಮಿಂಗ್ ಮುಂದಕ್ಕೆ ಬರುತ್ತೆ, ಅಂದರೆ ಕಿಡಿ ಬೇಗ ಬರುತ್ತೆ, ಕಿಕ್ಕರ್ ಕಾಲಿಗೆ ವಾಪಸ್ ಹೊಡೆಯುತ್ತೆ. ಅದಕ್ಕೇ ಮೊದಲು ಗ್ಯಾಪು, ಆಮೇಲೆ ಟೈಮಿಂಗು. ಟೈಮಿಂಗ್ ಇಟ್ಟಾದ್ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಟೈಮಿಂಗಿಗೆ ಪ್ಲಗ್ ಬಿಚ್ಚಿ ತೂತಿನಲ್ಲಿ ಗುರುತು ಹಾಕಿದ ಕಡ್ಡಿ ಇಳಿಸಿ, ಪಿಸ್ಟನ್ ತುತ್ತತುದಿಗೆ ಬರೋಕೆ ಎಷ್ಟು ಮಿಲಿಮೀಟರ್ ಬಾಕಿ ಅಂತ ನೋಡೋದು. ತೂತು ಓರೆಯಾಗಿದ್ದರೆ ಕಡ್ಡಿಯ ಅಳತೆ ತಪ್ಪುತ್ತೆ, ಡಯಲ್ ಗೇಜೇ ಬೇಕು. ಪಾಯಿಂಟ್ ಬಿಚ್ಚೋ ಕ್ಷಣ ಹಿಡಿಯೋಕೆ ಸಿಗರೇಟಿನ ತೆಳು ಕಾಗದ. ಪಾಯಿಂಟ್ ಮಧ್ಯೆ ಇಟ್ಟು ಮೆಲ್ಲಗೆ ಎಳೀತಾ ಇಂಜಿನ್ನಿನ ತಿರುಗೋ ಅಚ್ಚು, ಅಂದರೆ ಕ್ರ್ಯಾಂಕ್, ತಿರುಗಿಸಿದರೆ, ಕಾಗದ ಜಾರಿದ ಜಾಗವೇ ಟೈಮಿಂಗ್. ನಗಬೇಡಿ, ಸರಿಯಾಗಿ ಮಾಡಿದರೆ ಆ ಕಾಗದ ಮೋಸ ಮಾಡಲ್ಲ. ಪಾಯಿಂಟ್ ಪದೇಪದೇ ಸುಡ್ತಾ ಇದ್ದರೆ, ಕಿಡಿ ಅಲ್ಲೇ ಜೋರಾಗಿ ಕಾಣ್ತಾ ಇದ್ದರೆ, ಉಜ್ಜು ಕಾಗದ ತರೋ ಮೊದಲು, ಪಾಯಿಂಟಿನಲ್ಲಿ ಕಿಡಿ ಹಾರದ ಹಾಗೆ ತಡೆಯೋ ಕಂಡೆನ್ಸರ್ ಬದಲಾಯಿಸಿ.

ಇನ್ನು ಸೀಲು, ಅಂದರೆ ಕ್ರ್ಯಾಂಕಿನ ಸುತ್ತ ಕೂರೋ ರಬ್ಬರ್ ಬಳೆ. ಟೂ-ಸ್ಟ್ರೋಕ್ ಇಂಜಿನ್ ಗೊತ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಬೇಕಾದ್ರೆ ಇದನ್ನೇ ಕೇಳಿ. ಈ ಇಂಜಿನ್ನಿನಲ್ಲಿ ಕ್ರ್ಯಾಂಕ್ ಕೂತಿರೋ ಕೇಸೇ ಪೆಟ್ರೋಲು, ಗಾಳಿ ಮೇಲಕ್ಕೆ ತಳ್ಳೋ ಪಂಪು, ಕ್ರ್ಯಾಂಕಿನ ಎರಡೂ ಬದಿಯ ಸೀಲು ಗಾಳಿ ಬಿಡಬಾರದು. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲನ್ನ ಇಂಜಿನ್ ಎಳೆದುಕೊಂಡು ಸುಡುತ್ತೆ. ಕೆಳಗೆ ಒಂದು ಹನಿ ಸೋರಿಲ್ಲ, ಆದರೆ ಆಯಿಲ್ ಮಟ್ಟ ಇಳೀತಾ ಇದೆ, ಇಂಜಿನ್ ಬಿಸಿಯಾದ್ಮೇಲೂ ಬಿಳಿ ಹೊಗೆ ನಿಲ್ತಾ ಇಲ್ಲ ಅಂದರೆ ಅದೇ. ಬಲಗಡೆ, ಡೈನಮೋ ಕಡೆಯದು ಹೋದರೆ ಹೊಗೆ ಬರಲ್ಲ, ಗಾಳಿ ಒಳಕ್ಕೆ ಹೋಗುತ್ತೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕೂಗ್ತಾನೇ ಇರುತ್ತೆ, ಪ್ಲಗ್ ಬಿಚ್ಚಿದರೆ ಬೆಳ್ಳಗಿರುತ್ತೆ. ಗೊತ್ತಿಲ್ಲದವರು ಕಾರ್ಬುರೇಟರ್ ಮೇಲೆ ತಪ್ಪು ಹೊರಿಸಿ ಮೂರು ಸಲ ಕ್ಲೀನ್ ಮಾಡ್ತಾರೆ, ನಾಲ್ಕನೇ ವಾರ ಪಿಸ್ಟನ್ ಸೀಜ್ ಆಗುತ್ತೆ, ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತೆ. ಸೀಲಿನ ದುಡ್ಡಿನಲ್ಲಿ ಮುಗಿಯಬೇಕಾದ್ದು ಬೋರಿಂಗ್ ಖರ್ಚಿಗೆ ಬಂದು ನಿಲ್ಲುತ್ತೆ.

ಸೀಜ್ ಆದಮೇಲೂ ಹಳೇ ಮೇಸ್ತ್ರಿ ಪಿಸ್ಟನ್ನನ್ನ ಗುಜರಿಗೆ ಎಸೀತಿರಲಿಲ್ಲ, ಮೊದಲು ಓದ್ತಿದ್ದ. ಸುತ್ತ ನಾಲ್ಕು ಕಡೆ ಗೆರೆ ಎದ್ದಿದ್ದರೆ ಬೋರ್ ಬಿಗಿಯಾಗಿದೆ, ಅಥವಾ ತಣ್ಣಗಿನ ಇಂಜಿನ್ನನ್ನ ಸ್ಟಾರ್ಟ್ ಮಾಡಿದ ಕೂಡಲೇ ಎಳೆದಿದ್ದಾರೆ. ಎಕ್ಸಾಸ್ಟ್ ಕಡೆ ಮಾತ್ರ ಗೀಚಿದ್ದರೆ ಶಾಖ ಜಾಸ್ತಿ, ಆಯಿಲೋ ಪೆಟ್ರೋಲೋ ಕಮ್ಮಿ. ತಲೆಯ ಮೇಲೆ ತೂತು ಬಿದ್ದಿದ್ದರೆ ಟೈಮಿಂಗ್ ಮುಂದಿದೆ, ಇಲ್ಲಾ ಪ್ಲಗ್ ಈ ಇಂಜಿನ್ನಿನದಲ್ಲ. ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತೆ.

ಇಲ್ಲಿ ಗ್ಯಾರೇಜಿನ ಜೊತೆಗೇ ಕಣ್ಮರೆಯಾದ, ಯಾರೂ ಫೋಟೋ ತೆಗೆಯದ ಇನ್ನೊಂದು ಅಂಗಡಿ ಬರುತ್ತೆ. ಲೇತ್ ಅಂಗಡಿ. ಬ್ಲಾಕ್ ಬೋರ್ ಮಾಡ್ತಿದ್ದವರು, ಅಂದರೆ ಸವೆದ ಸಿಲಿಂಡರನ್ನ ಕೊರೆದು ಒಂಚೂರು ದೊಡ್ಡದು ಮಾಡ್ತಿದ್ದವರು. ಪಿಸ್ಟನ್ನು 0.25, 0.50, 0.75, 1.00 ಮಿ.ಮೀ. ಓವರ್‌ಸೈಜಿನಲ್ಲಿ ಸಿಗುತ್ತೆ. ಮೊದಲು ಪಿಸ್ಟನ್ ತರಬೇಕು, ಮೈಕ್ರೊಮೀಟರಿನಲ್ಲಿ ಅದರ ಕೆಳಭಾಗ ಅಳೀಬೇಕು, ಆ ಪಿಸ್ಟನ್ನಿಗೆ ತಕ್ಕಂತೆ ಬೋರು ಕೊರೀಬೇಕು. ಡಬ್ಬದ ಮೇಲೆ ಬರೆದ ನಂಬರ್ ನಂಬಿ ಬೋರ್ ಮಾಡಿದರೆ ಎರಡು ಪಿಸ್ಟನ್ನಿಗೆ ಎರಡು ಥರ ಸಡಿಲ. ಬೋರ್ ಆದಮೇಲೆ ಪೋರ್ಟಿನ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ, ಅಂಚುಗಳನ್ನ ಸಣ್ಣ ಅರದಲ್ಲಿ ಮೊಂಡು ಮಾಡಬೇಕು, ಇಲ್ಲಾಂದ್ರೆ ಆ ಚೂಪು ಅಂಚಿಗೆ ರಿಂಗ್ ಸಿಕ್ಕಿ ಮುರಿಯುತ್ತೆ. ಈ ಒಂದು ಕೆಲಸ ಮರೆತು ಹಾಳಾದ ಹೊಸ ಬೋರುಗಳಿಗೆ ಲೆಕ್ಕವಿಲ್ಲ. ರಿಂಗನ್ನ ಬೋರಿನಲ್ಲಿ ಇಳಿಸಿ, ಪಿಸ್ಟನ್ನಿಂದ ಸಮವಾಗಿ ತಳ್ಳಿ, ಬಾಯಿಯ ಸಂದು ಫೀಲರ್ ಗೇಜಿನಲ್ಲಿ ನೋಡಬೇಕು. ಈ ಸೈಜಿಗೆ 0.2ರಿಂದ 0.3 ಮಿ.ಮೀ. ಇದ್ದರೆ ಸರಿ. ಜೋಡಿಸೋವಾಗ ರಿಂಗಿನ ಬಾಯಿ ಪಿಸ್ಟನ್ನಿನ ರಿಂಗ್ ಕೂರೋ ಕಾಲುವೆಯಲ್ಲಿರೋ ಸಣ್ಣ ಪಿನ್ನಿಗೇ ಕೂರಬೇಕು.

ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರಿಸೋ ಕನೆಕ್ಟಿಂಗ್ ರಾಡ್ ಬದಲಾಯಿಸೋದು ಇದಕ್ಕಿಂತ ಮೇಲಿನ ವಿದ್ಯೆ. ಕ್ರ್ಯಾಂಕನ್ನ ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ ಒತ್ತಿ, ಎರಡು ಸೆಂಟರ್ ಮಧ್ಯೆ ಇಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸೋದು. ಮುಳ್ಳು ಮಿಲಿಮೀಟರಿನ ನೂರರಲ್ಲಿ ಐದು ಭಾಗಕ್ಕಿಂತ ಹೆಚ್ಚು ಆಡಬಾರದು. ಆಡಿದರೆ ತಾಮ್ರದ ಸುತ್ತಿಗೆಯಲ್ಲಿ ಒಂದು ಪೆಟ್ಟು, ಮತ್ತೆ ನೋಡೋದು, ಮತ್ತೊಂದು ಪೆಟ್ಟು. ಎಲ್ಲಿ ಹೊಡೀಬೇಕು, ಎಷ್ಟು ಹೊಡೀಬೇಕು ಅನ್ನೋದು ಕೈಗೆ ಬರೋಕೆ ವರ್ಷಗಳು ಬೇಕು. ಲೇತ್ ಅಂಗಡಿ ಇಲ್ಲದ ಊರಲ್ಲಿ ಗ್ಯಾರೇಜ್ ಎಷ್ಟೇ ಒಳ್ಳೇದಿದ್ದರೂ ಕೈ ಕಟ್ಟಿದ ಹಾಗೇ.

ಹಾಗಂತ ಎಲ್ಲಾ ಗ್ಯಾರೇಜೂ ದೇವಸ್ಥಾನ ಆಗಿರಲಿಲ್ಲ. ಟಾರ್ಕ್ ರೆಂಚ್ ಮುಖ ನೋಡದವರೇ ಜಾಸ್ತಿ. ಪುಲ್ಲರ್ ಇಲ್ಲದ ಕಡೆ ಉಳಿ ಇಟ್ಟು ಹೊಡೆದು ನಟ್ಟಿನ ಮೂಲೆ ತಿಂದವರು, ಕೇಸ್ ಬಿಡಿಸೋಕೆ ಸ್ಕ್ರೂಡ್ರೈವರ್ ತುರುಕಿ ಅಲ್ಯೂಮಿನಿಯಂ ಮುಖ ಗೀಚಿದವರು, ಆಮೇಲೆ ಅಲ್ಲಿಂದಲೇ ಸೋರೋದಕ್ಕೆ ಅಂಟು ಮೆತ್ತಿದವರು. ಸೈಲೆನ್ಸರಿನ ಕರಿ ತೆಗೆಯೋ ಕಾಸ್ಟಿಕ್ ಸೋಡಾದಲ್ಲೇ ಪಿಸ್ಟನ್ನೂ ಅದ್ದಿದವರಿದ್ದಾರೆ. ಕಾಸ್ಟಿಕ್ ಕಬ್ಬಿಣಕ್ಕೆ ಸರಿ, ಅಲ್ಯೂಮಿನಿಯಮ್ಮನ್ನ ತಿಂದುಹಾಕುತ್ತೆ. ಒರಿಜಿನಲ್ ಅಂತ ಡೂಪ್ಲಿಕೇಟ್ ಸ್ಪೇರ್ ಹಾಕಿ ಕಾಸು ಮಾಡಿದವರನ್ನೂ ಹಳಹಳಿಕೆಯ ಭರದಲ್ಲಿ ಮರೀಬಾರದು. ಕೆಲವು ಮುಚ್ಚಿದ್ದು ಒಳ್ಳೇದೇ ಆಯ್ತು.

ಒಳ್ಳೇವು ಯಾಕೆ ಮುಚ್ಚಿದವು? ಬಿಎಸ್ 6 ಅನ್ನೋ ಹೊಗೆ ನಿಯಮ ಬಂತು, ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂತು, ಅದಕ್ಕೆ ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಸತ್ಯ. ಬಿಎಸ್ 6 ಬಂದಿದ್ದು 2020ರ ಏಪ್ರಿಲ್‌ನಲ್ಲಿ, ಶಟರುಗಳು ಅದಕ್ಕೆ ಮುಂಚೇನೇ ಇಳೀತಾ ಇದ್ವು. 2000ದ ಹೊಗೆ ನಿಯಮ ಬಂದಮೇಲೆ ಟೂ-ಸ್ಟ್ರೋಕ್ ಬೈಕಿನ ಕಾಲ ಹೆಚ್ಚುಕಮ್ಮಿ ಮುಗೀತು. ಬಂದ ಫೋರ್-ಸ್ಟ್ರೋಕ್ ಗಾಡಿಗಳು ಕೆಡೋದೇ ಕಮ್ಮಿ. ಮೊದಲ ಮೂರು, ಐದು ವರ್ಷ ವಾರಂಟಿ ಕೈತಪ್ಪುತ್ತೆ ಅನ್ನೋ ಭಯಕ್ಕೆ ಗಿರಾಕಿ ಹೊರಗಿನ ಗ್ಯಾರೇಜಿನ ಕಡೆ ತಲೆ ಹಾಕಲ್ಲ. ಗ್ಯಾರೇಜಿಗೆ ಉಳಿಯೋದು ಪಂಕ್ಚರು, ಆಯಿಲು, ಬ್ರೇಕ್ ಶೂ. ಆ ಸಂಪಾದನೆಯಲ್ಲಿ ನಗರದ ಬಾಡಿಗೆ ಕಟ್ಟೋಕಾಗಲ್ಲ. ಸ್ಪ್ಯಾನರ್ ಎತ್ತಿಕೊಟ್ಟು ಕೆಲಸ ಕಲೀತಿದ್ದ ಹುಡುಗರೂ ಬರಲ್ಲ. ಅದೂ ಸರಿಯೇ, ಹನ್ನೆರಡು ವರ್ಷದ ಮಗು ಶಾಲೆಯಲ್ಲಿರಬೇಕು. ಆದರೆ ಆ ಕಲಿಕೆಯ ಜಾಗಕ್ಕೆ ಬೇರೆ ಏನನ್ನೂ ನಾವು ಕಟ್ಟಲಿಲ್ಲ.

ಇನ್ನು ಮಾಹಿತಿಯ ವಿಷಯ. ಇವತ್ತಿನ ಗಾಡಿಯ ಫಾಲ್ಟ್ ಕೋಡ್ ಹೊರಗಿನ ಸ್ಕ್ಯಾನರ್ ಎಷ್ಟೋ ಸಲ ಓದುತ್ತೆ. ಗಾಡಿಯ ಕಂಪ್ಯೂಟರ್, ಅಂದರೆ ಇಸಿಯು, ಹೊಸದು ಹಾಕಿ ಹೊಂದಿಸೋ ಥರದ ಕೆಲಸಕ್ಕೆ ಬಂದಾಗ ಮಾತ್ರ ಕಂಪನಿಯ ಸಾಫ್ಟ್‌ವೇರೇ ಬೇಕು ಅಂತ ನಿಲ್ಲುತ್ತೆ. ಇದು ತಂತ್ರಜ್ಞಾನ ಕಟ್ಟಿದ ಗೋಡೆ ಅಲ್ಲ, ವ್ಯಾಪಾರ ಕಟ್ಟಿದ್ದು. 2014ರಲ್ಲಿ ಭಾರತದ ಸ್ಪರ್ಧಾ ಆಯೋಗ ಇದೇ ಬಗೆಯ ದೂರಿನ ಮೇಲೆ, ಬಿಡಿಭಾಗ ಮತ್ತು ತಪಾಸಣೆ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ತಡೆದಿದ್ದಕ್ಕೆ, 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಅಪೀಲುಗಳೂ ನಡೆದವು. ಆ ಕೇಸು ಕಾರಿನದು, ಬೈಕಿನದಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡಿ ಪೋರ್ಟಲ್ ತೆರೀತು. ಕಂಪನಿಗಳ ಕಸ್ಟಮರ್ ಕೇರ್ ನಂಬರ್ ಅಲ್ಲಿ ಸಿಗುತ್ತೆ ಅನ್ನೋದು ಬೇರೆ ಮಾತು, ಮೂಲೆ ಗ್ಯಾರೇಜಿನ ಮೇಸ್ತ್ರಿಗೆ ಬೇಕಾದ್ದು ವೈರಿಂಗ್ ಡಯಾಗ್ರಾಮು.

ಇದರ ಮಧ್ಯೆ ಬಂಕಿಗೆ ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಿದೆ. ಹಳೇ ಕಾರ್ಬುರೇಟರ್ ಗಾಡಿ ಇಟ್ಟುಕೊಂಡವರಿಗೆ ಒಳ್ಳೇ ಗ್ಯಾರೇಜು ಎಂದಿಗಿಂತ ಹೆಚ್ಚು ಬೇಕಾಗಿರೋದು ಈಗಲೇ. ಎಥನಾಲ್ ಇರೋದರಿಂದ ಅದೇ ಜೆಟ್ಟಿನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಬಿಡಿಭಾಗ) ಮಿಶ್ರಣ ತೆಳುವಾಗುತ್ತೆ. ಪ್ಲಗ್ ಬಣ್ಣ ಇಟ್ಟಿಗೆ ಕಂದಿನಿಂದ ಬಿಳಿ ಕಡೆ ಹೋಗ್ತಾ ಇದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಬೇಕು. ಎಥನಾಲ್ ನೀರನ್ನೂ ಎಳೆಯುತ್ತೆ, ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತೆ, ಪೆಟ್ರೋಲ್ ಕಾಕಿನ ಹಳೇ ರಬ್ಬರ್ ಊದಿಕೊಳ್ಳುತ್ತೆ. ಗಾಡಿ ನಿಲ್ಲಿಸೋ ಮುಂಚೆ ಕಾಕ್ ಬಂದ್ ಮಾಡಿ ಕಾರ್ಬುರೇಟರ್ ಖಾಲಿಯಾಗೋವರೆಗೂ ಓಡಿಸಿ ಬಿಡಿ. ಯೆಜ್ಡಿಗೆ ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟೂ-ಟಿ ಆಯಿಲ್ ಅನ್ನೋ ಲೆಕ್ಕ ತಪ್ಪಿಸಬೇಡಿ. ಹೊಗೆ ಕಮ್ಮಿಯಾಗಲಿ ಅಂತ ಆಯಿಲ್ ಇಳಿಸೋದು ಸೀಜಿಗೆ ಕರೆಯೋಲೆ ಕಳಿಸಿದ ಹಾಗೆ. ಆರ್‌ಎಕ್ಸ್ ಆದರೆ ಆಯಿಲ್ ಪಂಪಿನ ವೈರು ಸಡಿಲ ಆಗಿದೆಯಾ, ಗುರುತಿಗೆ ಗುರುತು ಕೂತಿದೆಯಾ ಅಂತ ನೋಡಿ.

ನಿಮ್ಮ ಏರಿಯಾದ ಹಳೇ ಗ್ಯಾರೇಜು ಮುಚ್ಚುತ್ತೆ ಅಂತ ಗೊತ್ತಾದರೆ ಸೆಲ್ಫಿ ಆಮೇಲೆ ತಗೊಳ್ಳಿ. ಗೋಡೆಗೆ ನೇತುಹಾಕಿರೋದರಲ್ಲಿ ಯಾವುದು ಯಾವ ಗಾಡಿಯದು ಅಂತ ಮೇಸ್ತ್ರಿಯನ್ನೇ ಕೇಳಿ ಬರೆದುಕೊಳ್ಳಿ. ಕ್ಲಚ್ ಸ್ಪ್ರಿಂಗ್ ಒತ್ತೋ ಟೂಲು, ಡೈನಮೋ ರೋಟರ್ ಎಳೆಯೋ ಬೋಲ್ಟು, ಕೇಸ್ ಬಿಡಿಸೋ ಪುಲ್ಲರು, ಡಬ್ಬದ ತುಂಬ ನಂಬರ್ ಅಳಿಸಿಹೋದ ಜೆಟ್ಟುಗಳು. ಇವು ಅಂಗಡಿಯಲ್ಲಿ ಸುಲಭಕ್ಕೆ ಸಿಗಲ್ಲ, ಎಷ್ಟೋ ಲೇತಿನಲ್ಲಿ ಕೈಯಾರೆ ಮಾಡಿಸಿದ್ದು. ಹೆಸರು ಗೊತ್ತಿಲ್ಲದ ಟೂಲನ್ನ ಗುಜರಿಯವನು ಕಬ್ಬಿಣದ ತೂಕಕ್ಕೇ ಹಾಕಿಕೊಳ್ತಾನೆ.